ಮುಖವಿಲ್ಲದ ಗರುಡ

ಮಣಿಗುಂದದ ಕೋಟೆಯ ಹೆಬ್ಬಾಗಿಲಿನಲ್ಲಿ ಅಂದು ಹೊತ್ತು ಮೂಡುವಾಗಲೇ ಕಹಳೆಗಳು ಮೊಳಗಿದವು. ತೋರಣ ಕಟ್ಟಿದ ರಾಜಬೀದಿಯಲ್ಲಿ ಪಟ್ಟದಾನೆ ಗಂಟೆ ನುಡಿಸುತ್ತ ಮುಂದೆ ಸಾಗಿತು. ಹಾಲಿನ ಕೊಡ ಹೊತ್ತ ಹೆಂಗಳೆಯರೂ ಹೂವಾಡಿಗರೂ ಭರ್ಜಿ ಹಿಡಿದ ಭಟರೂ ಅದರ ಹಿಂದೆಯೇ ನಡೆದು ಕೆರೆಯ ಏರಿಯ ಮೇಲೆ ನೆರೆದರು. ಯುದ್ಧದಲ್ಲಿ ಮಡಿದ ಚಾಗಿರಾಜನ ವೀರಗಲ್ಲಿಗೆ ಹಾಲೆರೆಯುವ ದಿನವದು.

ಕಲ್ಲಿನಲ್ಲಿ ಅರಸನ ಪಾದದ ಬಳಿ ಅವನ ಗರುಡರನ್ನೂ ಕೆತ್ತಿದ್ದರು. ಒಡೆಯನು ಅಳಿದ ದಿನವೇ ತಾವೂ ಅಳಿಯುವೆವೆಂದು ಆಣೆಯಿಟ್ಟ ಅಂಗರಕ್ಷಕರಿಗೆ ಆ ನಾಡಿನಲ್ಲಿ ಗರುಡರೆಂದು ಹೆಸರು. ಆಡಿದಂತೆಯೇ ಎಲ್ಲರೂ ಮಡಿದಿದ್ದರು, ಕಾಚಿಗನೊಬ್ಬನ ಹೊರತು. ಅವನೂ ಸತ್ತನೆಂದೇ ನಂಬಿ ಶಿಲ್ಪಿ ಅವನ ಮುಖವನ್ನು ಕಡೆದಿದ್ದ. ಆದರೆ ಆ ಕಾಚಿಗ ಮೊನ್ನೆ ಗಡಿಯ ಕಾಡಿನಲ್ಲಿ ಸೆರೆಸಿಕ್ಕಿ, ಈಗ ಕೈಕಟ್ಟಿಸಿಕೊಂಡು ತನ್ನದೇ ಪ್ರತಿಮೆಯ ಮುಂದೆ ನಿಂತಿದ್ದ.

“ಏನೋ ಗರುಡ, ನಿನ್ನ ಪಾಲಿನ ಹಾಲು ಕಲ್ಲಿಗೆ ಹುಯ್ಯೋಣವೋ, ಬಾಯಿಗೆ ಹುಯ್ಯೋಣವೋ?” ಯಾರೋ ಕೂಗಿದರು. ಜನ ಗೊಳ್ಳೆಂದಿತು.

ಸತ್ಯ ಬಲ್ಲವನು ಅಲ್ಲಿ ಇನ್ನೊಬ್ಬನಿದ್ದ, ಪ್ರಧಾನಿ ರೇವಣಯ್ಯ. ಯುದ್ಧದ ಕಡೆಯ ದಿನ ದಂಡಿನ ಬೀಡಿನಲ್ಲಿ ಇವರಿಬ್ಬರ ಎದುರಿನಲ್ಲೇ ಅರಸನು, “ಕಾಚಿಗ, ನಿನ್ನ ಆಣೆಯನ್ನು ನಾನೇ ಬಿಡಿಸಿದ್ದೇನೆ. ನನ್ನ ಮಗುವನ್ನು ಎಲ್ಲಾದರೂ ಬದುಕಿಸು” ಎಂದಿದ್ದ. ಆಗ ರೇವಣಯ್ಯನು ಕಾಚಿಗನ ಹೆಗಲು ಹಿಡಿದು, “ನಿನ್ನ ಮಾನಕ್ಕೆ ನಾನು ಹೊಣೆ, ತಮ್ಮಾ” ಎಂದು ನುಡಿದಿದ್ದ. ಈಗ ರಾಜಕುಮಾರ ತೀರಿಕೊಂಡನೆಂದು ಸಾರಿ, ತನ್ನ ಅಳಿಯನನ್ನೇ ಸಿಂಹಾಸನದಲ್ಲಿ ಕೂರಿಸಿದ್ದ.

ರೇವಣಯ್ಯ ಕಾಚಿಗನ ಹತ್ತಿರ ಬಂದು ಪಿಸುನುಡಿದ: “ಮಗು ಎಲ್ಲಿದೆ, ಹೇಳಿಬಿಡು. ಅರಸರ ಅಪ್ಪಣೆಗೆ ನಾನೇ ಸಾಕ್ಷಿಯೆಂದು ಈ ಕ್ಷಣವೇ ಸಾರುತ್ತೇನೆ. ನಿನ್ನ ತಾಯಿ ನೋಡುತ್ತಿದ್ದಾಳೆ.”

“ಮಾನಕ್ಕೆ ಹೊಣೆ ಎಂದಿದ್ದಿರಿ, ಅಯ್ಯಾ.”

“ಈಗಲೂ ಅದನ್ನೇ ಹೇಳುತ್ತಿದ್ದೇನೆ. ಮಗುವನ್ನು ಕೊಟ್ಟು ಮಾನ ಬಿಡಿಸಿಕೋ.”

ಅಪ್ಪಣೆಯ ಮಾತೆತ್ತಿದರೆ ಮಗು ಬದುಕಿದೆಯೆಂದು ನಾಡಿಗೆಲ್ಲ ಸಾರಿದಂತೆ. ಮರುಗಳಿಗೆಯೇ ಗಡಿಯ ಗುಡಿಸಲು ಗುಡಿಸಲಿಗೂ ಕತ್ತಿ ನುಗ್ಗುತ್ತದೆ. ಕಾಚಿಗ ಪ್ರಧಾನಿಗೆ ಬೆನ್ನು ತಿರುಗಿಸಿದ.

ಆಗ ತಾಯಿ ಚಟ್ಟವ್ವ ಜನರನ್ನು ಸೀಳಿಕೊಂಡು ಬಂದಳು. ಮಗನ ಕೆನ್ನೆ ಮುಟ್ಟಿ, “ಏನಾಯಿತೋ ಕಂದಾ? ಪೆಟ್ಟು ಬಿದ್ದು ಮೈಮರೆತಿದ್ದೆಯಾ? ಯಾರಾದರೂ ಹೋಗೆಂದರೇ? ಒಂದು ಮಾತು ಹೇಳು, ನನಗಷ್ಟೇ ಸಾಕು” ಎಂದಳು.

“ಹೆದರಿಕೆ ಆಯಿತವ್ವಾ. ಓಡಿಹೋದೆ.”

ಅವಳ ಕೈ ಹಿಂದೆ ಸರಿಯಿತು. ಆಮೇಲೆ ಶಿಲ್ಪಿಯ ಕಡೆ ತಿರುಗಿ, “ಈ ಮುಖ ತೆಗೆದುಹಾಕಪ್ಪಾ, ಪಕ್ಕದವರಿಗೆ ಅವಮಾನ. ನನ್ನ ಮಗ ಆ ದಿನವೇ ಸತ್ತ, ಇವನು ಯಾರೋ” ಎಂದಳು.

ಕಲ್ಲಿನ ಮುಖದ ಮೇಲೆ ಉಳಿಯ ಪೆಟ್ಟು ಬಿತ್ತು. ಒಡೆಯನೊಡನೆ ಸತ್ತವನಿಗೆ ಆ ನಾಡು ಕಲ್ಲು ನಿಲ್ಲಿಸಿ ಹಾಲೆರೆಯುತ್ತಿತ್ತು; ಒಡೆಯನಿಗಾಗಿ ಬದುಕಿದವನನ್ನು ನೆನೆಯುವ ಬಗೆ ಅದಕ್ಕೆ ತಿಳಿದಿರಲಿಲ್ಲ.

ಸಂಜೆ ಕಾಚಿಗನ ತಲೆ ಉರುಳಿದಾಗ, ಅವನು ವೀರನೆಂದು ಬಲ್ಲವನು ಮಣಿಗುಂದದಲ್ಲೆಲ್ಲ ಒಬ್ಬನೇ ಉಳಿದಿದ್ದ. ಆ ಒಬ್ಬನು ಅಳಿಯನ ಸಿಂಹಾಸನದ ಪಕ್ಕದಲ್ಲಿ ಕುಳಿತು, ಗಡಿಯಿಂದ ಬರಿಗೈಯಲ್ಲಿ ಮರಳಿದ ಬೇಹಿನವರ ಮಾತನ್ನು ಕೇಳುತ್ತಿದ್ದ.