ಬೋರ್ ಆಯ್ತು, ತಗೊಂಡು ಹೋಗಬಹುದು

"ರಿಪೇರಿ ಆಗುತ್ತಾ, ಇಲ್ವಾ? ಅಷ್ಟು ಹೇಳಿ, ಸಾಕು!"

ಅವಳು ಕ್ಲಾರಿನೆಟ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ಹನ್ನೆರಡು ವರ್ಷಗಳ ಮೇಲೆ ಅವನ ಮುಖ ನೋಡುತ್ತಿದ್ದಳು.

ಊದುವ ವಾದ್ಯಗಳ ಒಳಗನ್ನು ಕೊರೆದು ಸರಿಮಾಡುವ ಕೆಲಸ ಅವನದು. ಮರವನ್ನೂ ಕೊರೆಯುತ್ತಿದ್ದ, ಬಂದವರ ತಲೆಯನ್ನೂ ಕೊರೆಯುತ್ತಿದ್ದ. ಆ ಎರಡನೆಯ ಕೊರೆತಕ್ಕೇ ಅವಳು ಮನಸೋತದ್ದು!

"ಬಿರುಕು ಬಿಟ್ಟಿದೆ. ಬೇರೆ ಯಾರ ಕೈಲೂ ಆಗಲ್ವಂತೆ. ಅದಕ್ಕೇ ಬಂದೆ."

'ಅದಕ್ಕೇನಾ?' ಒಳಮನಸ್ಸು ಅಣಕಿಸಿತು.

ಅವನು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಣುಕಿದ. ಕನ್ನಡಕ ಬಂದಿತ್ತು. ಕಿವಿಯ ಪಕ್ಕ ನರೆ...

"ಆಗುತ್ತೆ. ಕೂತ್ಕೊ."

ಅವಳು ಕೂರಲಿಲ್ಲ. ಅಂದು ಇದೇ ಮೇಜಿನ ಮುಂದೆ ಇದೇ ಕ್ಲಾರಿನೆಟ್ ರಿಪೇರಿಗೆ ಕೊಟ್ಟು, ನಾಚಿಕೆ ಬಿಟ್ಟು ಕೇಳಿದ್ದಳು: "ನನ್ನ ಮದುವೆ ಆಗ್ತೀಯಾ? ನಾಳೆ ಇದನ್ನ ತಗೊಳ್ಳೋಕೆ ಬರ್ತೀನಿ, ಉತ್ತರ ಕೊಡು."

ಮರುದಿನ ಅವನಿರಲಿಲ್ಲ. ಮುಚ್ಚಿದ ಅಂಗಡಿಯ ಬಾಗಿಲಲ್ಲಿಟ್ಟಿದ್ದ ಪೆಟ್ಟಿಗೆಗೆ ಅವನದೇ ಕೈಬರಹದ ಚೀಟಿ ಕಟ್ಟಿತ್ತು.

'ಬೋರ್ ಆಯ್ತು. ತಗೊಂಡು ಹೋಗಬಹುದು.'

ತಗೊಂಡು ಹೋದಳು. ಬೇರೆ ಊರಿನ ವಾದ್ಯವೃಂದಕ್ಕೇ ಹೋಗಿ ಸೇರಿದಳು.

ಅಂದು ಅವನನ್ನು ಬಿಟ್ಟು ಬೇರೇನೂ ನೋಡದ ಕಣ್ಣು ಈಗ ಗೋಡೆಯ ಕಡೆ ಹೊರಳಿತು. ಸಾಲಾಗಿ ತೂಗುತ್ತಿದ್ದ ವಾದ್ಯಗಳು. ಒಂದೊಂದರ ಕೊರಳಲ್ಲೂ ಚೀಟಿ! 'ಬೋರ್ ಆಯ್ತು.' 'ಬೋರ್ ಆಗಿಲ್ಲ, ನಾಳೆ.' 'ಬೋರ್ ಆಯ್ತು. ತಗೊಂಡು ಹೋಗಬಹುದು.'

ಅವಳು ಒಂದು ಚೀಟಿಯನ್ನು ಹಿಡಿದೆಳೆದಳು.

"ಇದು... ಏನಿದು?"

"ಬೋರ್ ಅಂದ್ರೆ ಕೊಳವೆಯ ಒಳರಂಧ್ರ, ಅದನ್ನ ಕೊರೆದು ಮುಗೀತು ಅಂತ. ಅಪ್ಪನ ಕಾಲದಿಂದ ಹೀಗೇ ಬರೆಯೋದು. ಯಾಕೆ?"

"ನಾನು... 'ನೀನು ಬೋರ್ ಆದೆ, ಹೊರಡು' ಅಂತ ಓದ್ಕೊಂಡೆ ಕಣೋ!"

ಅವನು ಸ್ಟೂಲಿನ ಮೇಲೆ ಕುಸಿದ.

"ಅವತ್ತು ಬೆಳಗ್ಗೆ ಅಪ್ಪನಿಗೆ ಎದೆನೋವು. ಆಸ್ಪತ್ರೆಗೆ ಓಡಿದ್ದೆ. ಎರಡು ದಿನ ಬಿಟ್ಟು ನಿನ್ನ ಮನೆಗೆ ಬಂದ್ರೆ ಬೀಗ! ವಿಳಾಸ ಹುಡುಕಿ ಮೂರು ಕಾಗದ ಹಾಕಿದೆ..."

"ಒಡೆಯದೇ ವಾಪಸ್ ಕಳಿಸಿದೆ."

"ಅಪ್ಪ ಕೊನೇವರೆಗೂ ಕೇಳ್ತಿದ್ರು, 'ಕ್ಲಾರಿನೆಟ್ ಹುಡುಗಿ ಬರ್ಲಿಲ್ವೇನೋ' ಅಂತ. ಈಗ ಕೇಳೋಕೂ ಯಾರೂ ಇಲ್ಲ. ನಾನು, ಈ ಕೊಳವೆಗಳು."

ಅವಳ ಕಣ್ಣು ತುಂಬಿತು. ಅವನು ನಗಲು ನೋಡಿದ. ನಗುವಿನಲ್ಲೂ ಬಿರುಕು.

"ಓಬೋ ಅನ್ನೋ ವಾದ್ಯ ಒಳಗಡೆ ಶಂಕುವಿನ ಥರ, ಬರ್ತಾ ಬರ್ತಾ ಅಗಲ. ಜೋರಾಗಿ ಊದಿ ಸ್ವರಾನ ಮೇಲಕ್ಕೆ ಹಾರಿಸಿದ್ರೆ ಎಂಟನೇ ಸ್ವರದಲ್ಲಿ ನಿಲ್ಲುತ್ತೆ. ಕ್ಲಾರಿನೆಟ್ ಹೆಚ್ಚುಕಮ್ಮಿ ಉದ್ದಕ್ಕೂ ಒಂದೇ ಅಗಲ. ಅದು ಎಂಟನ್ನೂ ದಾಟಿ ಸೀದಾ ಹನ್ನೆರಡಕ್ಕೇ ಹಾರೋದು. ನಿನ್ನ ಹಾಗೆ."

"ಎಂಟಕ್ಕಾದ್ರೂ ನಿಂತಿದ್ರೆ ನಾಲ್ಕು ವರ್ಷ ಉಳೀತಿತ್ತಲ್ಲೋ..." ಅಳುವಿನ ನಡುವೆಯೇ ಅಂದಳು. "ಆವತ್ತಿನ ಉತ್ತರ... ಏನಿತ್ತು?"

ಅವನು ಖಾಲಿ ಚೀಟಿಯೊಂದನ್ನು ತೆಗೆದು, ನಿಧಾನಕ್ಕೆ ಬರೆದು, ಅವಳ ಮಣಿಕಟ್ಟಿಗೆ ಕಟ್ಟಿದ.

'ಬೋರ್ ಆಗಲ್ಲ. ಎಲ್ಲೂ ಹೋಗಬೇಡ.'

"ಈಗಲಾದ್ರೂ ಕೂತ್ಕೋತೀಯಾ? ತಲೆ ಕೊರೀತೀನಿ ಮತ್ತೆ."

ಅವಳು ಕೂತಳು.

"ಕೊರಿಯೋ... ಹನ್ನೆರಡು ವರ್ಷದಿಂದ ಯಾರೂ ಕೊರೆದಿಲ್ಲ."