ಎಲೆ ಅಡಿಕೆ ಬದಲಾಗುವವರೆಗೂ

ನೇಯ್ಗೆಗೆಂದು ಬೀದಿಯುದ್ದಕ್ಕೂ ಬಿಗಿದಿದ್ದ ನೂಲಿನ ಹಾಸಿನ ಆಚೆ ಬದಿಯಲ್ಲಿ ನಿಂತಿದ್ದವನನ್ನು ಕಂಡು ಜೀವಿತಾಳ ಎದೆ ಧಸಕ್ಕೆಂದಿತು.

ಸೋರೆನ್... ಇಲ್ಲಿ?

ಸೇಲಂನ ಆ ಕನ್ನಡ ನೇಕಾರರ ಬೀದಿಯಲ್ಲಿ ಬೆಳಗ್ಗೆ ಹಾಸು ಬಿಗಿದರೆ ಯಾರೂ ಅದನ್ನು ದಾಟುವುದಿಲ್ಲ. ಡೆನ್ಮಾರ್ಕಿನ ಈ ಐಸ್ ಹಾಕಿ ಆಟಗಾರನಿಗೆ ಅದನ್ನು ಒಮ್ಮೆ ಹೇಳಿದ್ದವಳು ಅವಳೇ. ಅಲ್ಲಿ ಅವನು ಆಟಕ್ಕಿಳಿದರೆ ಕ್ರೀಡಾಂಗಣವೇ ಎದ್ದು ನಿಂತು ಹೆಸರು ಕೂಗುತ್ತದೆ. ಇಲ್ಲಿ ಅವನನ್ನು ಗುರುತಿಸಿದ್ದು ಅವಳ ಹಾಳು ಕಣ್ಣುಗಳು ಮಾತ್ರ.

ಅವನ ತಂಡದಲ್ಲಿ ಅವಳು ಫಿಸಿಯೋಥೆರಪಿಸ್ಟ್ ಆಗಿದ್ದಳು. ಮಂಡಿ ಮುರಿದು, ಇನ್ನು ಇವನ ಆಟ ಮುಗಿಯಿತೆಂದು ಎಲ್ಲರೂ ಕೈಬಿಟ್ಟಾಗ ಅವಳು ಬಿಡಲಿಲ್ಲ. ಆ ತಿಂಗಳುಗಳಲ್ಲೇ ಪ್ರೀತಿ ಹುಟ್ಟಿತು. ಅವನು ಮತ್ತೆ ಆಡಿದ, ಗೆದ್ದ, ಜನರ ಕಣ್ಮಣಿಯಾದ. ಆಗ ಕ್ಯಾಮೆರಾ ಮುಂದೆ ಯಾರೋ ಕೇಳಿದರು, ಪಕ್ಕದಲ್ಲಿರುವ ಹುಡುಗಿ ಯಾರೆಂದು.

"ನಮ್ಮ ತಂಡದ ಫಿಸಿಯೋ, ಅಷ್ಟೇ" ಎಂದುಬಿಟ್ಟ.

ಅಷ್ಟೇ!

ಕೆಲಸ ಬಿಟ್ಟು ಊರಿಗೆ ಬಂದಳು. ಅವನ ಫೋನ್ ತೆಗೆಯಲಿಲ್ಲ. ಸಂಕಟದಲ್ಲೇ, ಮನೆಯವರು ನೋಡಿದ್ದ ಪಕ್ಕದೂರು ಮೇಚೇರಿಯ ಹುಡುಗನಿಗೆ ಹೂಂ ಅಂದಳು. ನಾಳೆ ಮದುವೆ ಗಟ್ಟಿಮಾಡಲು ಹುಡುಗನ ಮನೆಯವರೊಡನೆ ಎಲೆ ಅಡಿಕೆ ಬದಲಾಯಿಸುವ ಶಾಸ್ತ್ರ.

ಅಪ್ಪ ಪಳನಿಸ್ವಾಮಿ ಕಡಿದ ಎಳೆಗೆ ಗಂಟು ಹಾಕುತ್ತಲೇ ಕೇಳಿದರು, "ತಾಯೀ, ಯಾರ್ ಅದು?"

"ಅಲ್ಲಿ ಜತೇಲಿ ಕೆಲ್ಸ ಮಾಡ್ದೋನು... ಅಷ್ಟೇ ಅಪ್ಪಾ."

ಹಾಸಿನ ಬಳಿ ಹೋಗಿ, ಇವತ್ತು ನಿನ್ನ ಫೈನಲ್ ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನೀನು ಫೋನ್ ತೆಗೆಯಲಿಲ್ಲವಲ್ಲ, ಅದನ್ನು ಬಿಟ್ಟು ಬಂದೆ ಎಂದ. ನಿನ್ನೆಯವರೆಗೆ ತಲೆಮೇಲೆ ಹೊತ್ತವರೇ ಈಗ ದ್ರೋಹಿ ಎನ್ನುತ್ತಿದ್ದಾರಂತೆ. ತಂಡ ಮತ್ತೆ ಸೇರಿಸಿಕೊಳ್ಳುವುದೂ ಅನುಮಾನವಂತೆ.

ಅವಳ ಸಿಟ್ಟು ಕಟ್ಟೆಯೊಡೆಯಿತು. ಇಡೀ ದೇಶದ ಮುಂದೆ ನನ್ನನ್ನು ಯಾರೂ ಅಲ್ಲ ಅಂದವನು ಈಗೇಕೆ ಬಂದೆ ಎಂದಳು.

ಸೋರೆನ್ ಪೆಚ್ಚಾದ. "ನೀನೇ ಅಲ್ಲವಾ ಹೇಳಿದ್ದು? ಮನೆಯಲ್ಲಿ ಎಲೆ ಅಡಿಕೆ ಬದಲಾಗುವವರೆಗೂ ಬಾಯಿಬಿಡಬೇಡ, ಹೆಣ್ಣಿನ ಹೆಸರು ಬೀದಿಗೆ ಬರಬಾರದು ಅಂತ..."

ಜೀವಿತಾ ಬಿಳಿಚಿಕೊಂಡಳು. ಹೌದು... ಹೇಳಿದ್ದಳು. ನಂಟರ ಬಾಯಿಗೆ ಹೆದರಿ ಅವನಿಂದ ಆಣೆಯನ್ನೂ ಮಾಡಿಸಿದ್ದಳು. ಈಗ ಮಾತು ಉಳಿಸಿಕೊಂಡವನಿಗೇ ಶಿಕ್ಷೆ ಕೊಟ್ಟಿದ್ದಳು.

ನಿಜ ಹೇಳಿದರೆ ಮೇಚೇರಿಯವರ ಮುಂದೆ ಅಪ್ಪನ ತಲೆ ತಗ್ಗುತ್ತದೆ. ಹೇಳದಿದ್ದರೆ...

"ಅಪ್ಪಾ, ಸುಳ್ಳು ಯೋಳ್ದೆ. ಅವ್ನು ಬರೀ ಜತೇಲಿದ್ದೋನಲ್ಲ." ಅಳುತ್ತಲೇ ಎಲ್ಲವನ್ನೂ ಹೇಳಿಕೊಂಡಳು.

ಪಳನಿಸ್ವಾಮಿಯ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಎಳೆಯ ಗಂಟನ್ನು ಬಿಗಿದು ಮುಗಿಸಿದರು. ಆಮೇಲೆ ಆಚೆ ನಿಂತವನನ್ನು ನೋಡಿದರು. ಬಿಸಿಲೇರಿದರೂ ಅವನು ಹಾಸು ದಾಟಿರಲಿಲ್ಲ.

"ಮೇಚೇರಿಗೆ ನಾನೇ ಓಗಿ, ತಪ್ಪಾಯ್ತು ಅಂತ ಮನ್ನಿಪ್ಪು ಕೇಳ್ತೀನಿ," ಎಂದರು. "ನೀನು ಒಳಕ್ಕೋಗಿ, ನಾಳೆಗೆ ಇಟ್ಟಿರೋ ಎಲೆ ಅಡಿಕೆ ತಕಂಡ್ ಬಾ."

ಹಾಸಿನ ಈಚೆಯಿಂದಲೇ ಅವರು ಎಲೆ ಅಡಿಕೆ ಚಾಚಿದರು. ಸೋರೆನ್ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವರು ಸನ್ನೆ ಮಾಡಿದಂತೆ ಅದರಲ್ಲೇ ಒಂದಿಷ್ಟನ್ನು ವಾಪಸು ಕೊಟ್ಟ.

ನಂತರ ಜೀವಿತಾಳತ್ತ ತಿರುಗಿ, ಅವಳೇ ಕಲಿಸಿದ್ದ ನಾಲ್ಕಾರು ಕನ್ನಡದ ಮಾತುಗಳಲ್ಲಿ ತಡಕಾಡಿ ಕೇಳಿದ.

"ಈಗ ಯೋಳ್ಲಾ?"

"ಯೋಳು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಬೀದಿಗೆಲ್ಲಾ ಕೇಳ್ಬೇಕು."