ಒಂದು ಹಿಡಿ ಬನ್ನಿ

“ಓಪನ್ ಯುವರ್ ಟಿಫಿನ್, ದೀಪ್ತಿ!” ಎಂದಳು ಆನ್ ಮರಿಯಾ.

ಅವಳ ಎದೆಯ ಮೇಲೆ ‘ನೇಚರ್ ಕ್ಲಬ್ ಲೀಡರ್’ ಎಂಬ ಬ್ಯಾಡ್ಜ್ ಇತ್ತು. ಮಂತ್ರಿಗಳಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಇದೇ ದೀಪ್ತಿಯ ಚಿಪ್ಸ್ ತಿಂದದ್ದು ಅವಳಿಗೆ ಮರೆತೇ ಹೋಗಿತ್ತು.

ಐದನೇ ಕ್ಲಾಸಿನವರು ದುಬೈ ಹೊರಗಿನ ಕಾಡು ನೋಡಲು ಬಂದಿದ್ದರು. ಕಾಡೆಂದರೆ ಬೇಲಿಯೊಳಗೆ ಅಳಿದುಳಿದ ನಲವತ್ತೋ ಐವತ್ತೋ ಗಾಫ್ ಮರಗಳು. ಅವನ್ನು ನೋಡಲು ಹೊಗೆ ಬಿಡುವ ಎರಡು ಬಸ್ಸು, ತಲೆಗೊಂದು ‘ಪರಿಸರ ಉಳಿಸಿ’ ಎಂದು ಬರೆದ ಪ್ಲಾಸ್ಟಿಕ್ ಬಾಟಲಿ. ಗೇಟಿನ ಬೋರ್ಡಿನಲ್ಲಿ ಎಲೆ ಕೀಳಬಾರದು, ಓಡಬಾರದು, ಕೂಗಬಾರದು ಎಂದಿತ್ತು. ಉಸಿರಾಡಬಹುದೆಂದು ಮಕ್ಕಳೇ ಊಹಿಸಿಕೊಂಡರು.

ಡಬ್ಬಿ ತೆರೆಯಿತು. ಚಪಾತಿಯ ಮೇಲೆ ಒಂದು ಹಸಿರು ಟೊಂಗೆ!

“ಸೆಕ್ಯುರಿಟಿ ಅಂಕಲ್!” ಎಂದು ಲೀಡರ್ ಕೂಗಿದಳು.

ಕಾವಲಿನ ಬದ್ರುದ್ದೀನ್ ಬಂದರು. ಪುತ್ತೂರಿನವರು. “ಎಂತ ಮಾರಾಯ್ತಿ ಇದು?”

“ಅಜ್ಜಿಗೆ, ಅಂಕಲ್. ಗದಗದಿಂದ ಬಂದಿದ್ದಾರೆ. ಈ ಮರದ ಫೋಟೋ ನೋಡಿ ‘ಇದು ನಮ್ಮ ಬನ್ನಿ’ ಅಂದ್ರು. ಶುಕ್ರವಾರ ದಸರಾ, ಎಲ್ಲರಿಗೂ ಇದರ ಎಲೆ ಕೊಡ್ಬೇಕು. ಎಲೆ ಇಲ್ಲ ಅಂತ ನಿನ್ನೆ ಅತ್ರು. ಒಂದೇ ಒಂದು ಟೊಂಗೆ, ಪ್ಲೀಸ್!”

“ಬಂದವರೆಲ್ಲ ಒಂದೇ ಅಂತ ಹೇಳುದು. ಮತ್ತೆ ನಾನು ಬರೀ ಬೇಲಿ ಕಾಯುದಾ?” ಅವರು ಟೊಂಗೆಯನ್ನು ಮರದ ಬುಡದಲ್ಲಿಟ್ಟರು. “ಅಜ್ಜಿಯನ್ನೇ ಕರ್ಕೊಂಡು ಬಾ. ನೋಡ್ಬಾರ್ದು ಅಂತ ಬೋರ್ಡ್ ಇಲ್ಲ.”

ದೀಪ್ತಿಗೆ ಅಳು ಒತ್ತರಿಸಿ ಬಂತು. ಆನ್ ಮರಿಯಾಗೆ ಅಲ್ಲೇ ಟೂ ಬಿಟ್ಟಳು.

ಶುಕ್ರವಾರ ಅಪ್ಪ ಗೊಣಗುತ್ತಲೇ ಕಾರು ತೆಗೆದರು. “ನಮ್ಮ ಮನಿ ಇರೋ ಡಿಸ್ಕವರಿ ಗಾರ್ಡನ್ಸ್ ತುಂಬ ಗಿಡಾನ ಅದಾವಲ್ಲವ್ವಾ, ಯಾವುದಕ್ಕರ ಕೈ ಮುಗಿ!”

ಅಜ್ಜಿ ಆಗಲೇ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಮರದ ಕೆಳಗೆ ನಿಂತ ಅಜ್ಜಿಯ ಕೈ ಮೆಲ್ಲಗೆ ಕೊಂಬೆಗೆ ಹೋಯಿತು. ದೀಪ್ತಿ ಓರೆಗಣ್ಣಿನಿಂದ ನೋಡಿದಳು. ಪಕ್ಕದಲ್ಲೇ ಬದ್ರುದ್ದೀನ್ ಅಂಕಲ್! ಅಜ್ಜಿಗೂ ಬೈದರೆ?

ಕೈ ಎಲೆಗಳ ನಡುವೆಯೇ ನಿಂತಿತು.

“ಏನ್ ದಟ್ಟ ಐತಿ! ನಮ್ಮೂರಾಗ ಈ ಹೊತ್ತಿಗೆ ಗಿಡ ಬೋಳು. ಎಲ್ಲಾರೂ ಒಂದೊಂದು ಹಿಡಿನ ಹರಿಯೋದು, ಮತ್ತ.”

ಅಜ್ಜಿ ಕೈ ಇಳಿಸಿದರು. ಏನೋ ಹಿಡಿದಂತೆ ಬೆರಳು ಕೂಡಿಸಿ ಬದ್ರುದ್ದೀನರ ಅಂಗೈಗೆ ಒತ್ತಿದರು. “ಬನ್ನಿ ತಗೊಂಡು ಬಂಗಾರದಂಗ ಇರೋಣಪ್ಪಾ.”

ಅವರು ಖಾಲಿ ಅಂಗೈ ನೋಡಿಕೊಂಡರು. ಆಮೇಲೆ ಮುಷ್ಟಿ ಕಟ್ಟಿ ಹಾಗೇ ಜೇಬಿಗೆ ಇಳಿಸಿದರು.

ಕೊಂಬೆಯಲ್ಲಿ ತಾನು ಮುರಿದ ಜಾಗ ದೀಪ್ತಿಯ ಕಣ್ಣಿಗೆ ಬಿತ್ತು. ಅವಳು ಬೇಗ ಬೇರೆ ಕಡೆ ನೋಡಿದಳು.

“ಯಾರ ಜೋಡಿ ಜಗಳ ಐತಿ, ಬನ್ನಿ ಅವರಿಗೇ ಮೊದಲು ಕೊಡಬೇಕವ್ವಾ,” ಎಂದರು ಅಜ್ಜಿ ಕಾರಿನಲ್ಲಿ.

ಸೋಮವಾರ ಸ್ಕೂಲ್ ಬಸ್ಸಿನಲ್ಲಿ ದೀಪ್ತಿ ಆನ್ ಮರಿಯಾಳ ಪಕ್ಕ ಕೂತು ಮುಷ್ಟಿ ಚಾಚಿದಳು. “ಬನ್ನಿ. ತಗೋ.”

ಲೀಡರ್ ಬೆರಳು ಬಿಡಿಸಿ ತಪಾಸಣೆ ನಡೆಸಿದಳು. “ಬಟ್ ನಥಿಂಗ್ ಇಸ್ ದೇರ್!”

“ಎಲೆ ಮರದಲ್ಲೇ ಇದೆ.”

ಆನ್ ಮರಿಯಾ ತಾನೇ ಅಂಗೈ ಚಾಚಿದಳು. ನಂತರ ಆ ಇಲ್ಲದ ಎಲೆಯನ್ನು ಜೋಪಾನವಾಗಿ ತನ್ನ ಟಿಫಿನ್ ಡಬ್ಬಿಗೆ ಹಾಕಿ, ಯಾರಾದರೂ ನೋಡಿದರೇ ಎಂದು ಆಚೀಚೆ ನೋಡಿ, ಮುಚ್ಚಳ ಒತ್ತಿದಳು.